ಹಿತ್ತಿಲ ಹಣ್ಣು–ತರಕಾರಿಗಳಿಂದ ಪೌಷ್ಟಿಕ ಪಾನೀಯ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿ ಮತ್ತು ಅದಕ್ಕೆ ಹೊಂದಿಕೊಂಡ ಸಕಲೇಶಪುರದ ಗುಡ್ಡಗಾಡು ಕಾಫಿ, ಮೆಣಸು, ಏಲಕ್ಕಿ ಹಾಗೂ ಭತ್ತದ ಸೀಮೆ. ಈ ಬೆಳೆಗಳ ಇಳುವರಿ, ಬೆಲೆ, ಖರ್ಚುಗಳ ಲೆಕ್ಕ ಇಲ್ಲಿನ ರೈತರಿಗೆ ಬಾಯಿಪಾಠ. ಆದರೆ ಕಾಫಿ ಗಿಡಗಳ ನಡುವೆ ತಾನಾಗಿ ಹುಟ್ಟಿ ಬೆಳೆದ ಸೀಬೆ, ಬಚ್ಚಲ ನೀರಿಗೆ ಬೆಳೆದ ಪಪ್ಪಾಯಿ, ಕಣದ ಅಂಚಿನ ಚಕ್ಕೋತ, ಬೇಲಿಯ ಮೇಲೆ ಹಬ್ಬಿದ ಪ್ಯಾಷನ್ ಹಣ್ಣಿನ ಬಳ್ಳಿ, ನೆರಳಿಗೆಂದು ಬಿಟ್ಟ ಹಲಸು, ಇವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮಕ್ಕಳು ಕಿತ್ತು ತಿಂದಷ್ಟು ತಿಂದು, ಉಳಿದದ್ದು ಹಕ್ಕಿ, ಅಳಿಲು, ಬಾವಲಿಗಳ ಪಾಲಾಗಿ ನೆಲಕ್ಕೆ ಬಿದ್ದು ಕೊಳೆಯುತ್ತದೆ. ಅದೇ ಮನೆಗೆ ನೆಂಟರು ಬಂದರೆ ಪೇಟೆಯಿಂದ ಬಣ್ಣದ ಸೋಡಾ ಬಾಟಲಿ ಬರುತ್ತದೆ.

ಇನ್ನೊಂದು ಕಡೆ ರಕ್ತಹೀನತೆಯ ಸಮಸ್ಯೆ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5 ಮಂದಿಗೆ ರಕ್ತಹೀನತೆ ಇತ್ತು. ಇದು ಅದಕ್ಕೆ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಹಣ್ಣು ಹಂಪಲು ಬೆಳೆಯುವ ಸೀಮೆಯೆಂಬ ಕಾರಣಕ್ಕೆ ಮಲೆನಾಡಿನ ಹೆಣ್ಣುಮಕ್ಕಳಿಗೆ ಇದರಿಂದ ವಿನಾಯಿತಿ ಏನೂ ಇಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ನಿಲ್ಲುವ ಮಹಿಳೆಯ ಊಟ ಬಹುಪಾಲು ಅನ್ನ, ಸಾರು ಮತ್ತು ಕಾಫಿಯಲ್ಲೇ ಮುಗಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ ವಯಸ್ಕರೊಬ್ಬರು ದಿನಕ್ಕೆ ಸೊಪ್ಪು ತರಕಾರಿಗಳನ್ನು 400 ಗ್ರಾಂ, ಹಣ್ಣನ್ನು 100 ಗ್ರಾಂ ತಿನ್ನಬೇಕು. ಒಂದು ಚಮಚ ಪಲ್ಯ ಬಡಿಸಿಕೊಂಡು ಏಳುವವರಿಗೆ ಇದು ದೂರದ ಮಾತು. ಈ ಕೊರತೆಯಲ್ಲಿ ಸ್ವಲ್ಪ ಭಾಗವನ್ನಾದರೂ ತುಂಬಲು ಹಣ್ಣು ಮತ್ತು ತರಕಾರಿಗಳನ್ನು ಒಟ್ಟಿಗೆ ನುಣ್ಣಗೆ ಅರೆದು ಮಾಡುವ ಗಟ್ಟಿ ಪಾನೀಯ ಸುಲಭ ದಾರಿ. ಪೇಟೆಯ ಅಂಗಡಿಗಳಲ್ಲಿ ಇದಕ್ಕೆ ‘ಸ್ಮೂದಿ’ ಎಂಬ ಹೆಸರಿದೆ. ಹಲ್ಲಿಲ್ಲದ ವೃದ್ಧರು, ತರಕಾರಿ ಕಂಡರೆ ಮುಖ ತಿರುಗಿಸುವ ಮಕ್ಕಳು, ಕೂತು ತಿನ್ನಲು ಪುರುಸೊತ್ತಿಲ್ಲದ ತಾಯಂದಿರು ಎಲ್ಲರೂ ಇದನ್ನು ಕುಡಿಯಬಹುದು.

ಇದು ಹೊಸದೇನಲ್ಲ

ಹೆಸರು ಹೊಸದಾದರೂ ಕ್ರಮ ನಮಗೆ ಹಳೆಯದು. ಒಂದೆಲಗ, ದೊಡ್ಡಪತ್ರೆ ಮುಂತಾದ ಸೊಪ್ಪುಗಳನ್ನು ಜೀರಿಗೆ, ಮೆಣಸು, ತೆಂಗಿನ ತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸುವ ತಂಬುಳಿ ಮಲೆನಾಡಿನ ಮನೆಗಳಲ್ಲಿ ಊಟದ ಭಾಗವೇ ಆಗಿದೆ. ಬಾಳೆಹಣ್ಣನ್ನು ಕಿವುಚಿ ಹಾಲು, ಬೆಲ್ಲ, ಏಲಕ್ಕಿ ಸೇರಿಸಿದರೆ ಸೀಕರಣೆ. ಈ ಎರಡನ್ನೂ ಒಂದೇ ಪಾತ್ರೆಗೆ ತಂದು, ಬೆಲ್ಲವನ್ನು ಬಿಟ್ಟರೆ ಸಿಗುವುದೇ ನಾವು ಹೇಳಹೊರಟ ಪಾನೀಯ.

ಹಣ್ಣಿನ ರಸಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ರಸ ಹಿಂಡಿ ಸೋಸಿದಾಗ ನಾರು ಜರಡಿಯಲ್ಲೇ ಉಳಿಯುತ್ತದೆ; ಲೋಟಕ್ಕೆ ಬರುವುದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ಒಂದು ಲೋಟ ರಸಕ್ಕೆ ನಾಲ್ಕೈದು ಕಿತ್ತಳೆ ಬೇಕು. ಅಷ್ಟು ಹಣ್ಣನ್ನು ಒಂದೇ ಸಲಕ್ಕೆ ಸುಲಿದು ತಿನ್ನುವವರು ಕಡಿಮೆ. ರಸವಾದರೆ ಎರಡು ನಿಮಿಷದಲ್ಲಿ ಖಾಲಿ. ಅರೆದ ಪಾನೀಯದಲ್ಲಿ ತಿರುಳು, ನಾರು ಎರಡೂ ಉಳಿಯುತ್ತವೆ, ಹೊಟ್ಟೆ ತುಂಬುತ್ತದೆ. ಆದ್ದರಿಂದ ಸೋಸಬಾರದು ಎಂಬುದು ಮೊದಲನೆಯ ನಿಯಮ. ಎರಡನೆಯದು, ಸಕ್ಕರೆ ಹಾಕಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ಹೊರಗಿನಿಂದ ಸೇರುವ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇಡುವುದು ಉತ್ತಮ. ಪೇಟೆಯ ತಂಪು ಪಾನೀಯದ 250 ಮಿ.ಲೀ. ಬಾಟಲಿ ಒಂದರಲ್ಲೇ ಸರಿಸುಮಾರು ಅಷ್ಟು ಸಕ್ಕರೆ ಇರುತ್ತದೆ. ಮನೆಯಲ್ಲಿ ಮಾಡಿದ ಪಾನೀಯಕ್ಕೂ ಅಷ್ಟೇ ಸುರಿದರೆ ಶ್ರಮ ಪಟ್ಟದ್ದು ದಂಡ. ಸಿಹಿ ಬೇಕೆನಿಸಿದರೆ ಚೆನ್ನಾಗಿ ಕಳಿತ ಪುಟ್ಟಬಾಳೆಯೊಂದನ್ನು ಸೇರಿಸಿದರೆ ಸಾಕು.

ಯಾವ ಕಾಲಕ್ಕೆ ಯಾವ ಹಣ್ಣು

ನಮ್ಮ ಭಾಗದಲ್ಲಿ ಪಪ್ಪಾಯಿ ಮತ್ತು ಬಾಳೆ ವರ್ಷದುದ್ದಕ್ಕೂ ಸಿಗುತ್ತವೆ. ಇವನ್ನು ಪಾನೀಯದ ತಳಹದಿ ಎನ್ನಬಹುದು. ಬೇಸಿಗೆಯ ಕೊನೆಗೆ ಮಾವು, ಹಲಸು, ಅನಾನಸ್, ಮಳೆಗಾಲದಲ್ಲಿ ಬೆಣ್ಣೆಹಣ್ಣು, ಮಳೆ ಹಿಡಿತಕ್ಕೆ ಬರುವ ಹೊತ್ತಿಗೆ ಸೀಬೆ, ಕಾಫಿ ಕೊಯ್ಲು ಸುರುವಾಗುವಾಗ ಕಿತ್ತಳೆ, ಚಕ್ಕೋತ ಮತ್ತು ನೆಲ್ಲಿಕಾಯಿ.

ಇವುಗಳಲ್ಲಿ ಸೀಬೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದು ನಮ್ಮ ಅಭಿಪ್ರಾಯ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿ.ಗ್ರಾಂ. ‘ಸಿ’ ಜೀವಸತ್ವವಿದೆ. ಕಿತ್ತಳೆಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬು, ಕಿತ್ತಳೆ ಕಟ್ಟಿಸಿಕೊಳ್ಳುವ ನಾವು ಹಿತ್ತಿಲ ಸೀಬೆಯನ್ನು ದನದ ಮುಂದೆ ಸುರಿಯುತ್ತೇವೆ. ಪಪ್ಪಾಯಿಯಲ್ಲಿ ಕಣ್ಣಿಗೆ ಅಗತ್ಯವಾದ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಧಾರಾಳವಾಗಿದೆ. ಬೆಣ್ಣೆಹಣ್ಣಿನಲ್ಲಿ ಸಕ್ಕರೆ ಬಹಳ ಕಡಿಮೆ, ಒಳ್ಳೆಯ ಕೊಬ್ಬು ಹೆಚ್ಚು. ಹೊಸದಾಗಿ ಸಸಿ ನೆಡುವವರು ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಕಾಫಿ ಸೀಮೆಗೆಂದೇ ಆರಿಸಿದ ತಳಿಗಳನ್ನು ವಿಚಾರಿಸಬಹುದು. ‘ಕೂರ್ಗ್ ಹನಿ ಡ್ಯೂ’ ಪಪ್ಪಾಯಿ, ‘ಕಾವೇರಿ’ ಪ್ಯಾಷನ್ ಹಣ್ಣು, ‘ಅರ್ಕಾ ಸುಪ್ರೀಂ’ ಬೆಣ್ಣೆಹಣ್ಣು ಅಲ್ಲಿಂದ ಬಂದವು.

ಬಾಳೆ, ಹಲಸಿನ ವಿಷಯದಲ್ಲಿ ಈ ಹೋಬಳಿಗೆ ಬೇರೆಯೇ ತೊಡಕಿದೆ. ಆನೆ ಕಾಟದ ಭಯದಿಂದ ಮನೆಯ ಸುತ್ತ ಬಾಳೆ ಹಾಕುವುದನ್ನೇ ಬಿಟ್ಟವರಿದ್ದಾರೆ. ಮರದಲ್ಲೇ ಹಣ್ಣಾದ ಹಲಸಿನ ವಾಸನೆ ಆನೆಯನ್ನು ದೂರದಿಂದ ಎಳೆದು ತರುತ್ತದೆ. ಹಲಸನ್ನು ಬಲಿತ ಕೂಡಲೇ, ಹಣ್ಣಾಗುವ ಮೊದಲೇ ಹಗಲು ಹೊತ್ತಿನಲ್ಲಿ ಕೊಯ್ದು ತರಬೇಕು. ತಟ್ಟಿದಾಗ ಗಟ್ಟಿ ಸದ್ದು ಹೋಗಿ ಡೊಳ್ಳು ಸದ್ದು ಬಂದರೆ, ಮುಳ್ಳುಗಳ ನಡುವಿನ ಅಂತರ ಹಿಗ್ಗಿದ್ದರೆ ಕಾಯಿ ಬಲಿತಿದೆ ಎಂದು ತಿಳಿಯಬೇಕು. ಒಳಗೆ ಗೋಣಿ ಮುಚ್ಚಿಟ್ಟರೆ ಕೆಲವು ದಿನಗಳಲ್ಲಿ ಹಣ್ಣಾಗುತ್ತದೆ. ಬಾಳೆಗೊನೆಗೂ ಇದೇ ಕ್ರಮ. ಹಲಸಿನ ಸಿಪ್ಪೆ, ಗೂಂಜುಗಳನ್ನು ಮನೆಯ ಹಿಂದೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು.

ಬಾವಲಿ, ಅಳಿಲು, ಹಕ್ಕಿ ಕಚ್ಚಿದ ಹಣ್ಣನ್ನು ಆ ಭಾಗ ಕೊಯ್ದು ತೆಗೆದು ಉಪಯೋಗಿಸುವ ರೂಢಿ ಹಲವು ಮನೆಗಳಲ್ಲಿದೆ. ಇದು ಸಲ್ಲದು. 2018ರಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ಜ್ವರದ ವೈರಾಣು ಹಣ್ಣು ತಿನ್ನುವ ಬಾವಲಿಗಳಲ್ಲಿ ನೆಲೆಸಿರುವಂಥದು. ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ಹಣ್ಣಿಗೆ ಇಲಿಯ ಮೂತ್ರ ತಾಗಿ ಇಲಿಜ್ವರ ಬರುವ ಸಂಭವವೂ ಉಂಟು. ಪಾನೀಯಕ್ಕೆ ಮರದಿಂದ ಕೊಯ್ದ, ಸಿಪ್ಪೆ ಒಡೆಯದ ಹಣ್ಣು ಮಾತ್ರ ಆಗಬೇಕು. ಕಚ್ಚಿದ್ದು ಒಂದಾದರೂ ಸಂಪೂರ್ಣ ಎಸೆಯುವುದೇ ಲೇಸು.

ಸೊಪ್ಪು ತರಕಾರಿಗಳ ವಿಷಯದಲ್ಲಿ ಎಚ್ಚರ

ಹಣ್ಣಿನಲ್ಲಿ ಅಪಾಯ ಕಡಿಮೆ. ಸೊಪ್ಪಿನಲ್ಲಿ ಮಾತ್ರ ‘ಬೇಯಿಸಿ ತಿನ್ನುವುದನ್ನೆಲ್ಲ ಹಸಿಯಾಗಿಯೂ ಅರೆದು ಕುಡಿಯಬಹುದು’ ಎಂದು ಭಾವಿಸುವುದು ದೊಡ್ಡ ತಪ್ಪು. ನಮ್ಮ ಹಿರಿಯರು ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಹಾಕಿ, ಆಮೇಲೆ ಬೇಯಿಸುತ್ತಿದ್ದರು. ಕೆಸುವಿನ ಎಲೆಗೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸುತ್ತಿದ್ದರು. ಹಸಿ ಕಳಲೆಯಲ್ಲಿ ವಿಷಾಂಶವಿದೆ, ಹಸಿ ಕೆಸುವಿನಲ್ಲಿ ಗಂಟಲು ಚುಚ್ಚುವ ಸೂಜಿಯಂಥ ಹರಳುಗಳಿವೆ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಮಿಕ್ಸಿ ಬಂದ ಮೇಲೆ ಈ ವಿವೇಕ ಸ್ವಲ್ಪ ಸಡಿಲವಾಗಿದೆ.

ಮಲೆನಾಡಿನ ಅನೇಕ ಹಿತ್ತಿಲುಗಳಲ್ಲಿ ಬೇಲಿಯ ಸಾಲಿಗೆ ಬೆಳೆಸುವ ಚಕ್ರಮುನಿ ಸೊಪ್ಪು, ಅಂದರೆ ವಿಟಮಿನ್ ಸೊಪ್ಪು, ಇದಕ್ಕೆ ತಕ್ಕ ಉದಾಹರಣೆ. ಇದು ಆಗ್ನೇಯ ಏಷ್ಯಾದ ಗಿಡ. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಇದನ್ನು ಬೇಯಿಸಿ ಪಲ್ಯದಂತೆ ತಿನ್ನುತ್ತಾರೆ. ನಾವೂ ಹಾಗೆಯೇ ಸಾರು, ಪಲ್ಯಕ್ಕೆ ಬಳಸುತ್ತೇವೆ. ಆದರೆ 1994–95ರಲ್ಲಿ ತೈವಾನ್ ದೇಶದಲ್ಲಿ ಈ ಸೊಪ್ಪಿನ ಹಸಿ ರಸ ಕುಡಿದರೆ ಮೈ ತೂಕ ಇಳಿಯುತ್ತದೆಂಬ ಸುದ್ದಿ ಹಬ್ಬಿತು. ಜನರು, ಅದರಲ್ಲೂ ಯುವತಿಯರು, ದಿನವೂ ಹಸಿ ಎಲೆಯನ್ನು ಅರೆದು ಸೀಬೆ ಅಥವಾ ಅನಾನಸ್ ರಸದೊಡನೆ ವಾರಗಟ್ಟಲೆ ಕುಡಿದರು. ಕ್ರಮೇಣ ಕೆಮ್ಮು, ಏದುಸಿರು ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ಶ್ವಾಸಕೋಶದ ಸಣ್ಣ ಗಾಳಿಕೊಳವೆಗಳು ಗಾಯಗೊಂಡು ಮುಚ್ಚಿಕೊಂಡಿದ್ದುದು ತಿಳಿದುಬಂತು. ನೂರಾರು ಮಂದಿ ಈ ತೊಂದರೆಗೆ ಸಿಕ್ಕಿದರು, ಕೆಲವರು ಸತ್ತರು, ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಹಸಿ ರಸ ನಿಲ್ಲಿಸಿದ ಮೇಲೂ ಆದ ಹಾನಿ ಸರಿಹೋಗಲಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಅವರು ಕುಡಿದದ್ದು ನಾವು ಈ ಲೇಖನದಲ್ಲಿ ಹೇಳುತ್ತಿರುವಂಥ ಪಾನೀಯವನ್ನೇ. ಕೆಟ್ಟದ್ದು ಸೊಪ್ಪಿನ ಆಯ್ಕೆ ಮತ್ತು ಹಸಿಯಾಗಿ ಬಳಸಿದ ಕ್ರಮ. ಚಕ್ರಮುನಿಯನ್ನು ಪಾನೀಯಕ್ಕೆ ಎಂದೂ ಹಾಕಬಾರದು. ಪಲ್ಯಕ್ಕೂ ಆಗೊಮ್ಮೆ ಈಗೊಮ್ಮೆ ಇತರ ಸೊಪ್ಪಿನೊಡನೆ ಬೇಯಿಸಿ ತಿಂದರೆ ಸಾಕು.

ಸೋರೆಕಾಯಿಯ ವಿಷಯವೂ ಇಂಥದೇ. ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯುವ ಅಭ್ಯಾಸ ಉತ್ತರ ಭಾರತದಲ್ಲಿ ಹಬ್ಬಿ, ಕಹಿ ಕಾಯಿಯ ರಸ ಕುಡಿದವರಲ್ಲಿ ಕೆಲವರು ರಕ್ತವಾಂತಿಯಾಗಿ ಸತ್ತ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ತನಿಖೆಗೆ ತೆಗೆದುಕೊಂಡು 2012ರಲ್ಲಿ ವರದಿ ಪ್ರಕಟಿಸಿತು. ಕಾಯಿಯ ಸಣ್ಣ ಚೂರೊಂದನ್ನು ಮೊದಲು ನಾಲಿಗೆಗೆ ಮುಟ್ಟಿಸಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸದೊಡನೆ ಬೆರೆಸಬಾರದು ಎಂಬುದು ಅದರ ಸಲಹೆ. ಬೆರೆಸಿದರೆ ಕಹಿ ಗೊತ್ತಾಗದೆ ಹೋಗುತ್ತದೆ. ಸೌತೆಕಾಯಿಯೂ ಇದೇ ಕುಟುಂಬದ್ದು, ಕಹಿ ಸೌತೆಗೂ ಇದೇ ನಿಯಮವನ್ನು ಪಾಲಿಸಬೇಕು.

ಹಾಗಾದರೆ ಹಸಿಯಾಗಿ ಯಾವುದು ಆಗುತ್ತದೆ? ಕಹಿಯಿಲ್ಲದ ಎಳೆಯ ಸೌತೆ, ಕ್ಯಾರೆಟ್, ಟೊಮ್ಯಾಟೊ, ಕೊತ್ತಂಬರಿ, ಪುದೀನ, ಕರಿಬೇವು, ಸ್ವಲ್ಪ ಒಂದೆಲಗ. ನುಗ್ಗೆ, ದಂಟು, ಪಾಲಕ್ ಮತ್ತು ಬಸಳೆ ಸೊಪ್ಪುಗಳನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು, ನೀರು ಬಸಿದು, ಆರಿಸಿ ಅರೆಯುವುದು ಒಳ್ಳೆಯದು. ಹೀಗೆ ಮಾಡಿದರೆ ‘ಸಿ’ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ ನಿಜ. ಅದನ್ನು ಹಣ್ಣಿನಿಂದ ತುಂಬಿಕೊಳ್ಳಬಹುದು. ಬದಲಿಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ನೆರವಾಗುವ ಆಕ್ಸಲೇಟ್ ಅಂಶ ನೀರಿನೊಡನೆ ಒಂದಿಷ್ಟು ಹೋಗುತ್ತದೆ, ಹಸಿ ವಾಸನೆಯೂ ತಗ್ಗುತ್ತದೆ. ಬೀಟ್‌ರೂಟನ್ನು ಬೇಯಿಸಿಯೇ ಹಾಕಬೇಕು. ಅದನ್ನು ಕುಡಿದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ.

ತೊಳೆಯುವ ಕ್ರಮ

ಕಾಫಿ ತೋಟದ ಹಣ್ಣಿಗೆ ಬೋರ್ಡೋ ದ್ರಾವಣದ ಸೋಂಕು ಇದ್ದೇ ಇರುತ್ತದೆ. ಮಳೆಗೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಸಿಂಪಡಿಸಿದ ಮೈಲುತುತ್ತ–ಸುಣ್ಣದ ಹನಿಗಳು ಪಕ್ಕದ ಸೀಬೆ, ಪಪ್ಪಾಯಿಯ ಮೇಲೆ ನೀಲಿ ಕಲೆಯಾಗಿ ಒಣಗಿರುತ್ತವೆ. ಹಣ್ಣಾದರೆ ಉಜ್ಜಿ ತೊಳೆದು ಸಿಪ್ಪೆ ತೆಗೆದರೆ ಆಯಿತು. ಎಲೆಯ ಮೇಲಿನದು ಪೂರಾ ಹೋಗುವುದಿಲ್ಲ. ಸಿಂಪಡಿಸಿದ ಜಾಗದ ಸೊಪ್ಪನ್ನು ಹಸಿಯಾಗಿ ಅರೆಯಬಾರದು. ಕೀಟನಾಶಕ ಹೊಡೆದ ತೋಟದ ಹಣ್ಣನ್ನು ಡಬ್ಬಿಯ ಚೀಟಿಯಲ್ಲಿ ಬರೆದಿರುವ ದಿನಗಳು ಕಳೆಯುವವರೆಗೆ ಮುಟ್ಟಬಾರದು.

ಒಂದೆಲಗ ತಾನಾಗಿ ಬೆಳೆಯುವುದು ಗದ್ದೆಯ ಬದು, ಕಾಲುವೆ ಅಂಚಿನಲ್ಲಿ. ದನಕರು ಓಡಾಡುವ, ಮೇಲಿನ ಕೊಟ್ಟಿಗೆಯ ನೀರು ಹರಿದು ಬರುವ ಜಾಗದ ಎಲೆಯಲ್ಲಿ ಜಂತುಹುಳುವಿನ ತತ್ತಿಗಳಿರಬಹುದು. ತಂಬುಳಿಗೂ ಈ ಮಾತು ಅನ್ವಯಿಸುತ್ತದೆ. ಬಚ್ಚಲು, ಕೊಟ್ಟಿಗೆಗಳಿಂದ ದೂರದಲ್ಲಿ ಒಡೆದ ಮಡಕೆ ಅಥವಾ ಹಳೆಯ ಬಾಣಲೆಯಲ್ಲಿ ನಾಲ್ಕು ಬಳ್ಳಿ ನೆಟ್ಟರೆ ಮನೆಗೆ ಸಾಕಾಗುವಷ್ಟು ಎಲೆ ಸಿಗುತ್ತದೆ. ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ಅಗಲ ಪಾತ್ರೆಯಲ್ಲಿ ಮೂರು ಸಲ ನೀರು ಬದಲಿಸಿ ತೊಳೆಯಬೇಕು. ಕೊನೆಯ ಸಲಕ್ಕೂ, ಅರೆಯುವಾಗ ಹಾಕುವುದಕ್ಕೂ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಬಳಸುವುದು ಬೇಡ.

ತಯಾರಿಸುವ ವಿಧಾನ

ಅಳತೆಯನ್ನು ಸುಲಭವಾಗಿ ನೆನಪಿಡಲು ಎರಡು ಪಾಲು ಹಣ್ಣು, ಒಂದು ಪಾಲು ತರಕಾರಿ ಎಂದುಕೊಳ್ಳಬಹುದು. ಸೊಪ್ಪಾದರೆ ನಾಲ್ಕು ಮಂದಿಗೆ ಒಂದು ಹಿಡಿ. ಮೊದಲ ವಾರ ಹಣ್ಣು ಹೆಚ್ಚಾಗಿರಲಿ. ಮಕ್ಕಳಿಗೆ ರುಚಿ ಒಗ್ಗಿದ ಮೇಲೆ ತರಕಾರಿಯನ್ನು ಸಮಪಾಲಿಗೆ ತರಬಹುದು. ಸೊಪ್ಪು ಮತ್ತು ಗಟ್ಟಿ ತರಕಾರಿಯನ್ನು ಸ್ವಲ್ಪವೇ ನೀರಿನೊಡನೆ ಮೊದಲು ನುಣ್ಣಗೆ ಅರೆದು, ಆನಂತರ ಮೆತ್ತನೆಯ ಹಣ್ಣು ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಹಣ್ಣು ನೀರಾಗಿ ಸೊಪ್ಪು ಚೂರುಚೂರಾಗಿಯೇ ಉಳಿಯುತ್ತದೆ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗುತ್ತದೆ, ಪಾನೀಯದ ಬಣ್ಣವೂ ಕಪ್ಪಾಗುತ್ತದೆ. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ಓಡಿಸಬೇಕು.

ಸೀಬೆ–ನುಗ್ಗೆ ಪಾನೀಯವನ್ನು ನಾವು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುತ್ತೇವೆ. ನಾಲ್ಕು ಜನರಿಗೆ ಕಳಿತ ಸೀಬೆ ಮೂರು (ಸುಮಾರು 300 ಗ್ರಾಂ), ಬಿಸಿನೀರಿನಲ್ಲಿ ಬಾಡಿಸಿದ ನುಗ್ಗೆ ಸೊಪ್ಪು ಒಂದು ಹಿಡಿ, ಸಿಪ್ಪೆ ತೆಗೆದ ಸೌತೆ ಅರ್ಧ, ಬೆರಳಿನ ಗಿಣ್ಣಿನಷ್ಟು ಶುಂಠಿ, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಎರಡು ಲೋಟ ನೀರು. ಸೀಬೆಯ ಬೀಜ ಗಟ್ಟಿಯಾದ್ದರಿಂದ ಹಣ್ಣನ್ನು ಎರಡಾಗಿ ಸೀಳಿ, ಬೀಜವಿರುವ ನಡುಭಾಗವನ್ನು ಚಮಚದಿಂದ ತೆಗೆದು ಜರಡಿಯಲ್ಲಿ ಒತ್ತಿ ತಿರುಳನ್ನಷ್ಟೇ ಸೇರಿಸಬೇಕು. ಸೋಸುವುದು ಈ ಬೀಜಕ್ಕೆ ಮಾತ್ರ. ಸೀಬೆ ಸಿಗದ ತಿಂಗಳಲ್ಲಿ ಪಪ್ಪಾಯಿ ಹಾಕಿ, ಎರಡು ನೆಲ್ಲಿಕಾಯಿ ಸೇರಿಸಬಹುದು.

ಪಪ್ಪಾಯಿ–ಕ್ಯಾರೆಟ್ ಪಾನೀಯಕ್ಕೆ ಪಪ್ಪಾಯಿ ಹೋಳು ಎರಡು ಬಟ್ಟಲು, ಬೇಯಿಸಿದ ಕ್ಯಾರೆಟ್ ಒಂದು, ಬೀಜ ತೆಗೆದ ಕಿತ್ತಳೆ ತೊಳೆ ಒಂದು ಹಣ್ಣಿನದು, ತೆಂಗಿನ ತುರಿ ಎರಡು ಚಮಚ. ತುರಿಯನ್ನು ಬಿಡಬಾರದು. ಕ್ಯಾರೋಟಿನ್ ದೇಹಕ್ಕೆ ಸೇರಲು ಸ್ವಲ್ಪ ಕೊಬ್ಬು ಬೇಕು. ಬೆಂದ ಕ್ಯಾರೆಟ್‌ನಿಂದ ಅದು ಹಸಿಯದಕ್ಕಿಂತ ಚೆನ್ನಾಗಿ ದೊರೆಯುತ್ತದೆ.

ಬೆಣ್ಣೆಹಣ್ಣಿಗೆ ಸಕ್ಕರೆ, ಹಾಲು ಹಾಕಿ ಕುಡಿಯುವುದೇ ರೂಢಿ. ಅದನ್ನು ತಂಬುಳಿಯ ಹಾದಿಯಲ್ಲಿ ಮಾಡಿದರೆ ಇನ್ನೂ ರುಚಿ. ಒಂದು ಹಣ್ಣಿನ ತಿರುಳು, ಒಂದು ಸೌತೆ, ಹತ್ತು ಹದಿನೈದು ಒಂದೆಲಗದ ಎಲೆ, ಅರ್ಧ ಚಮಚ ಹುರಿದ ಜೀರಿಗೆ, ನಾಲ್ಕು ಕಾಳು ಮೆಣಸು, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು. ಇದು ಊಟಕ್ಕೂ ಆಗುತ್ತದೆ, ಬಾಯಾರಿಕೆಗೂ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹಣ್ಣಿನ ಪಾನೀಯಗಳಲ್ಲಿ ಇದೇ ಹೊಂದುವಂಥದು.

ಅಂಬಲಿ ಹಲಸಿನ ತೊಳೆಯನ್ನು ತಿನ್ನಲು ಮಕ್ಕಳು ಒಪ್ಪುವುದಿಲ್ಲ, ಅದರ ನಾರು ಗಂಟಲಿಗೆ ಸಿಗುತ್ತದೆ. ಅರೆದಾಗ ಈ ತೊಂದರೆ ಇರುವುದಿಲ್ಲ. ಹತ್ತು ತೊಳೆಗೆ ಒಂದು ಬಟ್ಟಲು ತೆಂಗಿನಹಾಲು, ಬೇಯಿಸಿದ ಸಿಹಿಗುಂಬಳ ಅರ್ಧ ಬಟ್ಟಲು, ಒಣಶುಂಠಿ, ಏಲಕ್ಕಿ. ಇದು ಬಹಳ ಸಿಹಿ. ಅರ್ಧ ಲೋಟಕ್ಕೆ ನಿಲ್ಲಿಸಬೇಕು.

ಮಳೆಗಾಲದಲ್ಲಿ ಎರಡು ಮೂರು ದಿನ ವಿದ್ಯುತ್ತಿಲ್ಲದಿರುವುದು ಈ ಕಡೆ ಮಾಮೂಲು. ಬಾಳೆ, ಪಪ್ಪಾಯಿ, ಬೆಣ್ಣೆಹಣ್ಣುಗಳನ್ನು ಕಡೆಗೋಲಿನಿಂದಲೇ ಕಡೆಯಬಹುದು. ಸೊಪ್ಪನ್ನು ಒರಳಿನಲ್ಲಿ ಅರೆದು ಸೇರಿಸಿದರಾಯಿತು. ಒರಳಿನಲ್ಲಿ ಅರೆದದ್ದಕ್ಕೆ ರುಚಿ ಹೆಚ್ಚೆಂದು ಹೇಳುವವರೂ ಇದ್ದಾರೆ, ಅರೆಯುವ ಕೈ ಯಾರದೆಂಬುದನ್ನು ಅವರು ಹೇಳುವುದಿಲ್ಲ.

ಹಾಲು, ಕಾಫಿ ಮತ್ತು ಕಬ್ಬಿಣಾಂಶ

ಹಸಿ ಅನಾನಸನ್ನು ಹಾಲು ಅಥವಾ ಮೊಸರಿನೊಡನೆ ಅರೆದರೆ ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ. ಅದರಲ್ಲಿರುವ ಕಿಣ್ವವೊಂದು ಹಾಲಿನ ಪ್ರೋಟೀನನ್ನು ಒಡೆಯುವುದೇ ಇದಕ್ಕೆ ಕಾರಣ; ಹಾಲು ಕೆಟ್ಟಿತೆಂದಲ್ಲ. ಹೋಳುಗಳನ್ನು ಐದು ನಿಮಿಷ ಕುದಿಸಿ ಆರಿಸಿದರೆ ಈ ಕಿಣ್ವ ನಾಶವಾಗುತ್ತದೆ. ಪಪ್ಪಾಯಿ–ಹಾಲಿನ ಮಿಶ್ರಣವೂ ಇಟ್ಟರೆ ಕಹಿಯಾಗುತ್ತದೆ, ಮಾಡಿದ ಕೂಡಲೇ ಕುಡಿಯಬೇಕು.

ರಕ್ತಹೀನತೆ ಇರುವವರಿಗೆ ಮಾಡುವ ಪಾನೀಯಕ್ಕೆ ಹಾಲು ಸೇರಿಸದಿರುವುದೇ ಮೇಲು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವಂಥದಲ್ಲ. ಅದರ ಜೊತೆಗೇ ‘ಸಿ’ ಜೀವಸತ್ವವಿದ್ದರೆ ಚೆನ್ನಾಗಿ ಸೇರುತ್ತದೆ. ಹಾಲಿನ ಸುಣ್ಣದಂಶ ಮತ್ತು ಕಾಫಿ, ಟೀಗಳು ಅದನ್ನು ತಡೆಯುತ್ತವೆ. 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಸೇರುವ ಪ್ರಮಾಣ ಶೇಕಡ 39ರಷ್ಟು, ಟೀ ಕುಡಿದಾಗ ಶೇಕಡ 64ರಷ್ಟು ತಗ್ಗಿತು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ತಡೆ ಅಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದಾಗ ಮಾತ್ರ ಯಾವ ಅಡ್ಡಿಯೂ ಆಗಲಿಲ್ಲ. ಕಾಫಿ ಬೆಳೆಯುವವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕುಡಿಯಿರಿ, ತಿಂಡಿ ಊಟಗಳ ಬೆನ್ನಿಗೆ ಕುಡಿಯಬೇಡಿ, ಕಡಿಮೆಯೆಂದರೆ ಎರಡು ಗಂಟೆ ಬಿಡಿ ಎಂದಷ್ಟೇ ಹೇಳಬಹುದು. ಊಟದ ಜೊತೆ ಕಾಫಿ ಇದ್ದ ಜಾಗಕ್ಕೆ ಸೀಬೆಯ ಪಾನೀಯ ಬಂದರೆ ಎರಡು ಬಗೆಯ ಲಾಭ.

ಈ ಪಾನೀಯವನ್ನು ರಕ್ತಹೀನತೆಗೆ ಔಷಧಿಯೆಂದು ಯಾರೂ ತಿಳಿಯಬಾರದು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿ ಬಾಣಂತಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆಯನ್ನು ಕೊಡಲಾಗುತ್ತದೆ. ಹೊಟ್ಟೆ ತೊಳಸುತ್ತದೆಂದು ಕೆಲವರು ಇವನ್ನು ಡಬ್ಬಿಯಲ್ಲೇ ಉಳಿಸುತ್ತಾರೆ. ಹಲವರು ಕಾಫಿಯೊಡನೆ ನುಂಗುತ್ತಾರೆ. ಊಟದ ನಂತರ ಅರ್ಧ ಲೋಟ ಸೀಬೆ ಅಥವಾ ನೆಲ್ಲಿ ಬೆರೆತ ಪಾನೀಯದೊಡನೆ ನುಂಗಿದರೆ ತೊಳಸುವುದೂ ಕಡಿಮೆ, ಮಾತ್ರೆಯೂ ಸಾರ್ಥಕ. ಸುಣ್ಣದ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಸ್ತ್ರೀಶಕ್ತಿ ಸಂಘಗಳಲ್ಲಿ ಪ್ರಾತ್ಯಕ್ಷಿಕೆ ನಡೆಸುವಾಗ ರುಚಿ ತೋರಿಸುವುದರ ಜೊತೆಗೆ ಈ ಒಂದು ಅಂಶವನ್ನು ಒತ್ತಿ ಹೇಳಬೇಕೆಂದು ಕೋರುತ್ತೇವೆ.

ಯಾರು ಜಾಗ್ರತೆ ವಹಿಸಬೇಕು

ಮೂತ್ರಪಿಂಡದ ಕಾಯಿಲೆಯವರು ಇಂಥ ಪಾನೀಯವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು. ಹಣ್ಣು, ಸೊಪ್ಪುಗಳಲ್ಲಿರುವ ಪೊಟ್ಯಾಷಿಯಂ ಅವರಿಗೆ ತೊಂದರೆ ಕೊಡುತ್ತದೆ. ಈಗ ನಕ್ಷತ್ರ ಹಣ್ಣೆಂದು ಕರೆಯುವ ದಾರೆಹುಳಿಯಂತೂ ಅವರಿಗೆ ವಿಷವೇ ಸರಿ. ಬಿಡದ ಬಿಕ್ಕಳಿಕೆ, ಮಂಪರು, ಸೆಳವು ಬಂದು ಪ್ರಾಣಕ್ಕೆ ಅಪಾಯವಾದ ಪ್ರಸಂಗಗಳಿವೆ. ಆರೋಗ್ಯವಂತರೂ ಖಾಲಿ ಹೊಟ್ಟೆಗೆ ಅದರ ರಸವನ್ನು ಲೋಟಗಟ್ಟಲೆ ಕುಡಿಯುವುದು ಸರಿಯಲ್ಲ. ಸಕ್ಕರೆ ಕಾಯಿಲೆಯವರು ಬಾಳೆ, ಹಲಸು, ಮಾವುಗಳನ್ನು ಬಿಟ್ಟು ಸೌತೆ, ಸೊಪ್ಪು, ಬೆಣ್ಣೆಹಣ್ಣು, ಸ್ವಲ್ಪ ಸೀಬೆಯಿಂದ ಮಾಡಿದ್ದನ್ನು ಅರ್ಧ ಲೋಟ ಕುಡಿಯಬಹುದು; ಹಣ್ಣನ್ನು ಅಗಿದು ತಿನ್ನುವುದು ಅವರಿಗೆ ಇನ್ನೂ ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿನ ಪಾನೀಯಕ್ಕೆ ಜೇನುತುಪ್ಪ ಸೇರಿಸಲೇಬಾರದು. ತೋಟದ ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಮಾತು ನಿಲ್ಲುತ್ತದೆ.

ಒಂದು ಲೋಟದಲ್ಲಿ ಹೊಟ್ಟೆಗೆ ಸೇರುವುದು ಹೆಚ್ಚೆಂದರೆ 100–120 ಗ್ರಾಂ ಹಣ್ಣು ತರಕಾರಿ. ಪಾನೀಯ ಕುಡಿದೆವೆಂದು ಊಟದಲ್ಲಿ ಪಲ್ಯ, ಸೊಪ್ಪಿನ ಸಾರು ಕಡಿಮೆ ಮಾಡಿದರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ.

ಉಳಿದದ್ದನ್ನು ಇಡುವುದು

ಅರೆದ ಹಣ್ಣಿಗೆ ಗಾಳಿ ತಾಗಿದೊಡನೆ ಬಣ್ಣ ಕಂದಾಗತೊಡಗುತ್ತದೆ, ‘ಸಿ’ ಜೀವಸತ್ವವೂ ಕಡಿಮೆಯಾಗುತ್ತ ಹೋಗುತ್ತದೆ. ನಿಂಬೆರಸ ಇದನ್ನು ಸ್ವಲ್ಪ ನಿಧಾನಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಮಾಡಿದ ಅರ್ಧ ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ಮಾಡಬೇಕು. ತೋಟಕ್ಕೆ ಬಾಟಲಿಯಲ್ಲಿ ಒಯ್ದು ಮಧ್ಯಾಹ್ನಕ್ಕೆ ಇಡುವುದು ಬೇಡ. ಮಜ್ಜಿಗೆ ಬೆರೆಸಿದ್ದಂತೂ ಹುಳಿಯಾಗಿ ನೊರೆ ಬರುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಹುಳಿ ಹಣ್ಣಿನ ಪಾನೀಯವನ್ನು ಹಾಕಬಾರದು.

ಶೈತ್ಯಪೆಟ್ಟಿಗೆ ಇರುವವರು ಸೀಬೆ, ಪಪ್ಪಾಯಿ, ಪ್ಯಾಷನ್ ಹಣ್ಣುಗಳು ಒಮ್ಮೆಲೇ ಕಳಿತಾಗ ತಿರುಳನ್ನಷ್ಟೇ ತೆಗೆದು, ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಹಾಕಿ ಮೇಲಿನ ಮಂಜುಗಡ್ಡೆಯ ಅರೆಯಲ್ಲಿ ಇಟ್ಟುಕೊಳ್ಳಬಹುದು. ಕರಗಿದ ತಿರುಳನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ದೀರ್ಘಕಾಲ ವಿದ್ಯುತ್ ಹೋಗಿ ಡಬ್ಬಿ ಮೆತ್ತಗಾಗಿದ್ದರೆ ಆ ದಿನವೇ ಕುದಿಸಿ ಹಲ್ವ ಅಥವಾ ಜಾಮ್ ಮಾಡಿ ಮುಗಿಸಬೇಕು. ಮಿಕ್ಸಿ ಜಾರಿನ ಅಲಗಿನ ಕೆಳಗೂ ಮುಚ್ಚಳದ ರಬ್ಬರ್ ಬಳೆಯ ಸಂದಿಯಲ್ಲೂ ತಿರುಳು ಕೂತಿರುತ್ತದೆ. ಬಳಸಿದ ತಕ್ಷಣ ಅರ್ಧ ಜಾರು ಬಿಸಿನೀರು ಹಾಕಿ ಒಮ್ಮೆ ಓಡಿಸಿ, ರಬ್ಬರ್ ಬಳೆಯನ್ನು ಬಿಚ್ಚಿ ತೊಳೆದು, ಜಾರನ್ನು ಬೋರಲು ಹಾಕಿ ಒಣಗಿಸಬೇಕು.